ಬೇಸಿಗೆಯ ಕೊನೆಯಲ್ಲಿ ವರ್ಮಿಲಿಯನ್ ಸರೋವರಕ್ಕೆ: ಮಸ್ಕಿ ಮೀನಿಗೆ ಗಾಳ ಹಾಕಲು ಹೊರಡುವವರಿಗೆ

ಜುಲೈ ಮುಗಿಯುತ್ತಿದ್ದ ಹಾಗೆ ಮಿನಿಯಾಪೊಲಿಸ್, ಶಿಕಾಗೊ, ಮ್ಯಾಡಿಸನ್ ಕಡೆಯ ಓದುಗರಿಂದ ಒಂದೇ ತರಹದ ಪ್ರಶ್ನೆಗಳು ಬರುತ್ತವೆ. ಮಸ್ಕಿ ಹಿಡಿಯಬೇಕು, ಎಲ್ಲಿಗೆ ಹೋಗಲಿ? ಯಾವ ವಾರ? ಏನೇನು ಕೊಳ್ಳಲಿ? ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಉದಾಹರಣೆಗೆ ಒಂದೇ ಸರೋವರ ತೆಗೆದುಕೊಂಡಿದ್ದೇನೆ. ಅದು ಮಿನೆಸೋಟ ರಾಜ್ಯದ ಉತ್ತರ ಭಾಗದಲ್ಲಿರುವ ವರ್ಮಿಲಿಯನ್. ಸುಮಾರು 40 ಸಾವಿರ ಎಕರೆ ನೀರು, ಹೆಚ್ಚೆಂದರೆ 76 ಅಡಿ ಆಳ. ದಿನಕ್ಕೊಂದರಂತೆ 365 ದ್ವೀಪಗಳಿವೆ ಎನ್ನುವುದು ಅಲ್ಲಿನ ಜನರ ಮಾತು. ಕೆನಡಾ ಗಡಿ ದಾಟಬೇಕಿಲ್ಲ, ವೀಸಾ ಚಿಂತೆಯಿಲ್ಲ. ದೊಡ್ಡ ಮೀನು ಇದೆ ಅನ್ನುವುದಕ್ಕೆ ದಾಖಲೆಯೂ ಇದೆ: 2019ರಲ್ಲಿ ಇಲ್ಲಿ ಹಿಡಿದು ಬಿಟ್ಟ ಒಂದು ಮಸ್ಕಿ 57 ಇಂಚಿಗೂ ಉದ್ದವಿತ್ತು. ಆಗ ಅದೇ ರಾಜ್ಯದ ದಾಖಲೆ. ಇಲ್ಲಿ ಕಲಿತದ್ದು ಲೀಚ್, ಮಿಲ್ ಲ್ಯಾಕ್ಸ್‌ನಂಥ ಬೇರೆ ದೊಡ್ಡ ಸರೋವರಗಳಿಗೂ ಬಹುಪಾಲು ಹೊಂದುತ್ತದೆ.

ಶುರುವಿನಲ್ಲೇ ಒಂದು ಮಾತು. ಮಸ್ಕಿಗೆ 'ಹತ್ತು ಸಾವಿರ ಎಸೆತದ ಮೀನು' ಎಂಬ ಹೆಸರಿದೆ. ಮೂರು ದಿನ ಬೆಳಗಿನಿಂದ ಸಂಜೆವರೆಗೆ ಗಾಳ ಎಸೆದು ಒಂದೂ ಸಿಗದೆ ಬಂದವರು ಬಹಳ ಜನ. ಹಾಗಾಗಿ ಎಷ್ಟು ಮೀನು ಹಿಡಿಯಬಹುದು ಎಂದು ಲೆಕ್ಕ ಹಾಕಬೇಡಿ. ಒಂದು ಸಿಕ್ಕರೆ ಅದನ್ನು ಜೀವಂತ ವಾಪಸ್ ಬಿಡಲು ನಿಮ್ಮ ಹತ್ತಿರ ಎಲ್ಲ ಇದೆಯೇ ಎಂದು ನೋಡಿಕೊಳ್ಳಿ. ಇಡೀ ತಯಾರಿಯನ್ನು ಅಲ್ಲಿಂದ ಶುರು ಮಾಡಿ.

ಹಂತ 1: ಮೀನಿನ ಗುರುತು

ಮಸ್ಕಿಯ ಪೂರ್ತಿ ಹೆಸರು ಮಸ್ಕೆಲಂಜ್. ಉದ್ದ ಮೈ, ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ, ಬಾಯಿ ತುಂಬ ಚೂಪು ಹಲ್ಲು. ಇದೇ ನೀರಿನಲ್ಲಿ ಇದರ ದಾಯಾದಿ ನಾರ್ದರ್ನ್ ಪೈಕ್ ಕೂಡ ಇದೆ. ಹೊಸಬರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಎರಡಕ್ಕೂ ನಿಯಮ ಬೇರೆ ಇರುವುದರಿಂದ ಈ ತಪ್ಪಿಗೆ ದಂಡ ಬೀಳಬಹುದು.

ಪೈಕ್ ಮೈ ಕಡು ಬಣ್ಣ, ಅದರ ಮೇಲೆ ತಿಳಿ ಚುಕ್ಕೆ. ಮಸ್ಕಿಯದು ತಿಳಿ ಮೈ, ಅದರ ಮೇಲೆ ಕಡು ಪಟ್ಟೆ ಅಥವಾ ಚುಕ್ಕೆ. ಕೆಲವು ಮಸ್ಕಿಗಳ ಮೈಮೇಲೆ ಗುರುತೇ ಕಾಣುವುದಿಲ್ಲ. ಪೈಕ್ ಬಾಲದ ತುದಿ ದುಂಡಗೆ, ಮಸ್ಕಿಯದು ಚೂಪು. ಇನ್ನೂ ಅನುಮಾನವಿದ್ದರೆ ಕೆಳದವಡೆಯ ಅಡಿಯಲ್ಲಿರುವ ಸಣ್ಣ ತೂತುಗಳನ್ನು ಎಣಿಸಿ. ಒಂದು ಬದಿಗೆ ಐದು ಅಥವಾ ಕಡಿಮೆ ಇದ್ದರೆ ಪೈಕ್, ಆರು ಅಥವಾ ಜಾಸ್ತಿ ಇದ್ದರೆ ಮಸ್ಕಿ.

ಹಂತ 2: ವಾರ ಆರಿಸುವುದು

ಇಲ್ಲಿಯೇ ಹೆಚ್ಚಿನವರು ಎಡವುವುದು. ರಜೆ ಸಿಕ್ಕಿತು, ರೂಮ್ ಸಿಕ್ಕಿತು, ಹೊರಟರು. ನೀರು ಎಷ್ಟು ಬಿಸಿ ಇದೆ ಎಂದು ಯಾರೂ ನೋಡಿರುವುದಿಲ್ಲ.

ಮಸ್ಕಿ ತಣ್ಣೀರಿನ ಕಡೆಗೇ ಒಲವಿರುವ ಮೀನು. ಮೇಲ್ಮೈ ನೀರು 80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆ. ಅಂಥ ನೀರಿನಲ್ಲಿ ಗಾಳಕ್ಕೆ ಸಿಕ್ಕಿ ಗುದ್ದಾಡಿದ ಮೀನು ಸುಸ್ತಾಗುತ್ತದೆ. ನೀವು ಬಿಟ್ಟಾಗ ಈಜಿಕೊಂಡು ಹೋಗುತ್ತದೆ, ನಿಮಗೂ ಸಮಾಧಾನ. ಆಮೇಲೆ ಎಲ್ಲೋ ತಳದಲ್ಲಿ ಸತ್ತಿರುತ್ತದೆ. 50 ಇಂಚಿನ ಮಸ್ಕಿ ಅಷ್ಟು ಬೆಳೆಯಲು ಹದಿನೈದು ವರ್ಷದ ಆಸುಪಾಸು ಬೇಕು. ಒಂದು ಫೋಟೊಗೆ ಅಷ್ಟು ವರ್ಷ ಹೋಗುತ್ತದೆ, ಅಲ್ವಾ? ನನ್ನ ನಿಯಮ ಹೀಗಿದೆ: 78 ಡಿಗ್ರಿ ದಾಟಿದರೆ ಬೆಳಗಿನ ಜಾವ ಮಾತ್ರ, 80 ಮುಟ್ಟಿದರೆ ಮಸ್ಕಿ ಗಾಳ ಒಳಗಿಡುವುದು. ಆ ದಿನ ವಾಲೈ, ಬಾಸ್‌ನಂಥ ಬೇರೆ ಮೀನು ಹಿಡಿಯಿರಿ, ಇಲ್ಲವೇ ಮಕ್ಕಳ ಜೊತೆ ಈಜಿ.

ಸಾಮಾನ್ಯವಾಗಿ ಆಗಸ್ಟ್ ಎರಡನೇ ಅರ್ಧದಿಂದ ಸೆಪ್ಟೆಂಬರ್ ಎರಡನೇ ವಾರದವರೆಗೆ ಒಳ್ಳೆಯ ಸಮಯ. ರಾತ್ರಿ ತಂಪಾಗಲು ಶುರುವಾಗುತ್ತದೆ. ನೀರು 70ರ ಮೇಲಿನಿಂದ ನಿಧಾನಕ್ಕೆ 60ರ ಕಡೆಗೆ ಇಳಿಯುತ್ತದೆ. ಬೇಸಿಗೆಯುದ್ದಕ್ಕೂ ಮಂಕಾಗಿದ್ದ ದೊಡ್ಡ ಮೀನು ಆಗ ಚುರುಕಾಗುತ್ತದೆ. ಮಕ್ಕಳಿರುವವರಿಗೆ ಲೇಬರ್ ಡೇಗಿಂತ ಮೊದಲಿನ ವಾರ ಅನುಕೂಲ. ಲೇಬರ್ ಡೇ ಅಂದರೆ ಸೆಪ್ಟೆಂಬರ್ ಮೊದಲ ಸೋಮವಾರ. ಗೆಳೆಯರಷ್ಟೇ ಹೋಗುವುದಾದರೆ ಅದರ ನಂತರದ ವಾರ ನೋಡಿ. ಸರೋವರದಲ್ಲಿ ದೋಣಿಗಳ ಗಲಾಟೆ ಒಮ್ಮೆಲೇ ಇಳಿದಿರುತ್ತದೆ.

ತೀರ ತಡವಾದರೆ ಇನ್ನೊಂದು ತೊಂದರೆ ಇದೆ. ಅದಕ್ಕೆ ಟರ್ನೋವರ್ ಎನ್ನುತ್ತಾರೆ. ಬೇಸಿಗೆಯಲ್ಲಿ ಆಳದ ಸರೋವರದಲ್ಲಿ ಬೆಚ್ಚಗಿನ ನೀರು ಮೇಲೆ, ತಣ್ಣೀರು ಕೆಳಗೆ ಪದರ ಪದರವಾಗಿ ನಿಂತಿರುತ್ತದೆ. ಶರತ್ಕಾಲದಲ್ಲಿ ಮೇಲಿನದು ತಣ್ಣಗಾಗಿ ಎರಡೂ ಬೆರೆತುಹೋಗುತ್ತವೆ. ಆ ದಿನಗಳಲ್ಲಿ ಮೀನು ಎಲ್ಲೆಂದರಲ್ಲಿ ಚದುರಿರುತ್ತದೆ, ಹುಡುಕುವುದು ಕಷ್ಟ. ಸಾಮಾನ್ಯವಾಗಿ ಇದು ಸೆಪ್ಟೆಂಬರ್ ಕೊನೆಯ ಭಾಗದ ಸಂಗತಿ. ಮೊದಲ ಸಲ ಹೋಗುವವರು ಅದಕ್ಕೆ ಮೊದಲೇ ಹೋಗಿ ಬನ್ನಿ.

ಚಂದ್ರನ ಬಗ್ಗೆ ಬಹಳ ಜನ ಕೇಳುತ್ತೀರಿ. ಹುಣ್ಣಿಮೆ, ಅಮಾವಾಸ್ಯೆ ನೋಡಿ ರಜೆ ಹಾಕುವವರನ್ನು ನಾನು ಬಲ್ಲೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೂರು ಲಕ್ಷಕ್ಕೂ ಹೆಚ್ಚು ಮಸ್ಕಿಗಳ ದಾಖಲೆ ತೆಗೆದು ನೋಡಿತು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸ್ವಲ್ಪ ಜಾಸ್ತಿ ಮೀನು ಸಿಕ್ಕಿದ್ದು ನಿಜ, ಆದರೆ ವ್ಯತ್ಯಾಸ ಶೇಕಡಾ 5ರ ಹತ್ತಿರ ಮಾತ್ರ. ನನ್ನ ಮಟ್ಟಿಗೆ ಅದು ಇಷ್ಟಕ್ಕೆ ಉಪಯೋಗ: ಚಂದ್ರ ಹುಟ್ಟುವ, ಮುಳುಗುವ ಹೊತ್ತಿಗೆ ನಿಮ್ಮ ಅತಿ ಒಳ್ಳೆಯ ಜಾಗದಲ್ಲಿರಿ. ರಜೆಯನ್ನು ಮಾತ್ರ ನೀರಿನ ಬಿಸಿ ನೋಡಿಯೇ ಹಾಕಿ.

ಹಂತ 3: ಲೈಸೆನ್ಸ್ ಮತ್ತು ನಿಯಮ

16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮಿನೆಸೋಟದ ಮೀನುಗಾರಿಕೆ ಲೈಸೆನ್ಸ್ ಬೇಕು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಕೊಡುತ್ತದೆ. ಎಲ್ಲರೂ ಅದನ್ನು ಡಿಎನ್‌ಆರ್ ಎನ್ನುತ್ತಾರೆ. ಆನ್‌ಲೈನ್‌ನಲ್ಲೂ, ಗಾಳದ ಅಂಗಡಿಗಳಲ್ಲೂ ಸಿಗುತ್ತದೆ. ಹೊರರಾಜ್ಯದವರಿಗೆ ಒಂದು ದಿನ, ಮೂರು ದಿನ, ಏಳು ದಿನದ ಲೈಸೆನ್ಸ್‌ಗಳಿವೆ. ಊರಿನಿಂದ ಬಂದ ಅಪ್ಪ, ಮಾವ ಒಂದೆರಡು ಸಲ ಸುಮ್ನೆ ಎಸೆದು ನೋಡುತ್ತೇನೆ ಅಂದರೂ ಅವರಿಗೂ ಲೈಸೆನ್ಸ್ ಬೇಕು. ಇದನ್ನು ಮರೆಯುವವರು ಬಹಳ.

ನೆನಪಿಡಬೇಕಾದ ನಿಯಮಗಳು ಕೆಲವೇ. ಮಸ್ಕಿಯ ಕಾಲ ಜೂನ್ ಮೊದಲ ಶನಿವಾರ ಶುರುವಾಗಿ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. 2015ರವರೆಗೆ ಈ ಮಿತಿ 48 ಇಂಚಿತ್ತು. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ. ವಿಸ್ಕಾನ್ಸಿನ್ ಕಡೆ ರೂಢಿಯಾಗಿ ಎರಡು ಮೂರು ರಾಡ್ ಹಾಕುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ನಿಯಮಗಳು ವರ್ಷ ವರ್ಷ ಬದಲಾಗಬಹುದು, ಹೊರಡುವ ವಾರ ಡಿಎನ್‌ಆರ್‌ನ ಹೊಸ ಪುಸ್ತಿಕೆ ತೆಗೆದು ನೋಡಿ.

ದೋಣಿ ಓಡಿಸುವವರ ವಯಸ್ಸನ್ನೂ ಗಮನಿಸಿ. 2025ರಿಂದ ಹಂತ ಹಂತವಾಗಿ ದೋಣಿ ನಡೆಸುವವರಿಗೆ ಪರ್ಮಿಟ್ ಕಡ್ಡಾಯವಾಗುತ್ತಿದೆ, ಮೊದಲು ಚಿಕ್ಕ ವಯಸ್ಸಿನವರಿಂದ ಶುರು. ನಿಮ್ಮ ಹುಟ್ಟಿದ ವರ್ಷ ಅದರೊಳಗೆ ಬರುತ್ತದೆಯೇ ನೋಡಿಕೊಳ್ಳಿ.

ತಿನ್ನಲು ಮಸ್ಕಿ ಇಟ್ಟುಕೊಳ್ಳಬಹುದೇ ಎಂದೂ ಕೇಳುತ್ತೀರಿ. 54 ಇಂಚು ದಾಟಿದರೆ ಕಾನೂನು ಬಿಡುತ್ತದೆ. ದಯವಿಟ್ಟು ಬೇಡ. ವರ್ಮಿಲಿಯನ್‌ನ ಮಸ್ಕಿ ಅಲ್ಲೇ ಮೊದಲಿನಿಂದ ಇದ್ದ ಮೀನಲ್ಲ, ಡಿಎನ್‌ಆರ್ ಮರಿ ಬಿಟ್ಟು ದಶಕಗಳ ಕಾಲ ಬೆಳೆಸಿದ್ದು. ಅಷ್ಟು ದೊಡ್ಡ ನೀರಿನಲ್ಲಿ ಅಂಥ ದೊಡ್ಡ ಮೀನುಗಳು ಕೆಲವೇ. ಊಟಕ್ಕೆ ವಾಲೈ ಇದೆ, ರುಚಿಯೂ ಅದರದೇ ಮೇಲು.

ಕಾವೇರಿಯ ಭೀಮೇಶ್ವರಿ ಕಡೆ ಬಿಳಿಮೀನು, ಅಂದರೆ ಮಾಹ್‌ಸೀರ್, ಹಿಡಿದು ಬಿಡುತ್ತಿದ್ದ ಕಾಲ ನೋಡಿದವರಿಗೆ ಈ ಮಾತು ಹೊಸದಲ್ಲ. ಕಾವೇರಿಯ ಆ ಡುಬ್ಬದ ಮಾಹ್‌ಸೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ದೊಡ್ಡ ಮೀನು ಒಮ್ಮೆ ಹೋದರೆ ವಾಪಸ್ ತರುವುದು ಎಷ್ಟು ಕಷ್ಟ ಎಂದು ನಮಗೆ ಗೊತ್ತು.

ಹಂತ 4: ಉಳಿಯುವ ಜಾಗ, ದೋಣಿ

ಮಿನಿಯಾಪೊಲಿಸ್‌ನಿಂದ ಐ-35 ಹಿಡಿದು ಉತ್ತರಕ್ಕೆ ಹೋಗಿ ಕ್ಲೋಕೆ ಹತ್ತಿರ ಹೈವೇ 33, ಆಮೇಲೆ 53 ಹಿಡಿಯಿರಿ. ವರ್ಜೀನಿಯಾ ಎಂಬ ಊರಿನ ಬಳಿ ದಾರಿ ಕವಲೊಡೆಯುತ್ತದೆ. 169ರಲ್ಲಿ ಹೋದರೆ ಸರೋವರದ ಪೂರ್ವಕ್ಕೆ ಟವರ್ ಊರು, 53ರಲ್ಲೇ ಮುಂದುವರಿದರೆ ಪಶ್ಚಿಮಕ್ಕೆ ಕುಕ್ ಊರು. ನಾಲ್ಕು ಗಂಟೆ ಹಿಡಿದುಕೊಳ್ಳಿ. ಸಂಜೆಯಾದ ಮೇಲೆ ಜಿಂಕೆ ರಸ್ತೆಗೆ ನುಗ್ಗುತ್ತವೆ, ಬೆಳಕಿರುವಾಗಲೇ ತಲುಪಿ.

ಪೂರ್ವವೋ ಪಶ್ಚಿಮವೋ ಎಂದು ಬುಕ್ ಮಾಡುವ ಮೊದಲೇ ನಿರ್ಧರಿಸಿ. ಈ ತುದಿಯಿಂದ ಆ ತುದಿಗೆ ದೋಣಿಯಲ್ಲಿ ದಿನಾ ಓಡಾಡುತ್ತೇನೆ ಅಂದುಕೊಂಡವರು ಪೆಟ್ರೋಲು, ಸಮಯ ಎರಡನ್ನೂ ಕಳೆದುಕೊಳ್ಳುತ್ತಾರೆ. ಗಾಳಿ ಎದ್ದ ದಿನ ಅದು ಅಪಾಯ ಕೂಡ. ಪೂರ್ವದಲ್ಲಿ ಬಿಗ್ ಬೇ ಎಂಬ ವಿಶಾಲ ಕೊಲ್ಲಿ, ಅಲ್ಲಿ ಕಲ್ಲಿನ ದಿಬ್ಬಗಳು ಜಾಸ್ತಿ. ಪಶ್ಚಿಮದಲ್ಲಿ ಕೊಲ್ಲಿಗಳು, ದ್ವೀಪಗಳ ಮರೆ ಹೆಚ್ಚು. ಮೊದಲ ಸಲ ಹೋಗುವವರು, ಚಿಕ್ಕ ದೋಣಿ ಇರುವವರು ಮರೆ ಇರುವ ಕಡೆ ಉಳಿಯಿರಿ.

ರೆಸಾರ್ಟ್‌ಗಳು ಬೇಸಿಗೆಯ ಉತ್ತುಂಗದಲ್ಲಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಪೂರ್ತಿ ವಾರ ಕೊಡುತ್ತವೆ. ಲೇಬರ್ ಡೇ ನಂತರ ಎರಡು ಮೂರು ದಿನಕ್ಕೂ ಸಿಗುತ್ತದೆ. ಅಡುಗೆಮನೆ ಇರುವ ಕ್ಯಾಬಿನ್ ಕೇಳಿ. ಹತ್ತಿರದಲ್ಲಿ ನಮ್ಮ ದಿನಸಿ ಸಿಗುವುದಿಲ್ಲ, ಅಕ್ಕಿ, ಬೇಳೆ, ಸಾರಿನ ಪುಡಿ ಮನೆಯಿಂದಲೇ ಒಯ್ಯಿರಿ.

ಬಾಡಿಗೆ ದೋಣಿ ಕೇಳುವಾಗ ಮೂರು ವಿಷಯ ವಿಚಾರಿಸಿ: ಉದ್ದ ಎಷ್ಟು, ಮುಂದೆ ವಿದ್ಯುತ್ ಟ್ರೋಲಿಂಗ್ ಮೋಟರ್ ಇದೆಯೇ, ಆಳ ತೋರಿಸುವ ಸೋನಾರ್ ಇದೆಯೇ. ಟ್ರೋಲಿಂಗ್ ಮೋಟರ್ ಅಂದರೆ ಸದ್ದಿಲ್ಲದೆ ದೋಣಿಯನ್ನು ನಿಧಾನಕ್ಕೆ ತಳ್ಳುವ ಚಿಕ್ಕ ಮೋಟರ್. ಅದಿಲ್ಲದಿದ್ದರೆ ಗಾಳಿ ನಿಮ್ಮನ್ನು ಎಲ್ಲಿಗೋ ಒಯ್ಯುತ್ತದೆ.

ಮೊದಲ ದಿನಕ್ಕೆ ಗೈಡ್ ಗೊತ್ತು ಮಾಡಿಕೊಳ್ಳಿ. ಖರ್ಚು ಜಾಸ್ತಿ, ಒಪ್ಪುತ್ತೇನೆ. ಇಬ್ಬರು ಹಂಚಿಕೊಳ್ಳಿ. ಆದರೆ ಕೊನೆಯ ದಿನಕ್ಕೆ ಬೇಡ, ಮೊದಲ ದಿನಕ್ಕೇ ಕರೆಯಿರಿ. ಅವರ ಜೊತೆ ಕಲಿತದ್ದು ಉಳಿದ ದಿನಗಳಿಗೆಲ್ಲ ಬರುತ್ತದೆ. ಮೀನು ಹಿಡಿಸಿ ಅನ್ನುವ ಬದಲು, ಮೀನನ್ನು ಕೈಯಲ್ಲಿ ಹಿಡಿಯುವುದು ಮತ್ತು ಬಿಡುವುದನ್ನು ಹೇಳಿಕೊಡಿ ಎಂದು ಕೇಳಿ.

ಹಂತ 5: ಸಾಮಾನು

ಅಂಗಡಿಗೆ ಹೋದವರು ಮೊದಲು ಕೊಳ್ಳುವುದು ಬಣ್ಣಬಣ್ಣದ ಲೂರ್‌ಗಳನ್ನು. ಲೂರ್ ಅಂದರೆ ಹುಸಿ ಎರೆ. ನೀವು ಉಲ್ಟಾ ಮಾಡಿ. ಮೀನು ಬಿಡುವ ಸಾಮಾನು ಮೊದಲು, ಹಿಡಿಯುವ ಸಾಮಾನು ಆಮೇಲೆ.

ಬಿಡಲು ಬೇಕಾದವು ಇವು:

- ದೊಡ್ಡ, ಆಳವಾದ ಮಸ್ಕಿ ಬಲೆ. ಎಳೆಗೆ ರಬ್ಬರ್ ಲೇಪ ಇರಬೇಕು, ಗಂಟು ಇರಬಾರದು. ಗಂಟಿನ ಬಲೆ ಮೀನಿನ ಮೈಮೇಲಿನ ಲೋಳೆ ಕೀಳುತ್ತದೆ, ಈಜುರೆಕ್ಕೆ ಹರಿಯುತ್ತದೆ.
- ಉದ್ದ ಮೂತಿಯ ಇಕ್ಕಳ, ಹತ್ತು ಇಂಚಿಗೆ ಕಡಿಮೆ ಬೇಡ.
- ಗಾಳದ ಕೊಕ್ಕೆ ಕತ್ತರಿಸುವ ಗಟ್ಟಿ ಕಟರ್. ಮಾಮೂಲಿ ವೈರ್ ಕಟರ್ ಸಾಲುವುದಿಲ್ಲ.
- ನೀರಿನ ಮೇಲೆ ತೇಲುವ ಅಳತೆ ಕೋಲು.

ಇವು ನಾಲ್ಕೂ ಇಲ್ಲದಿದ್ದರೆ ಮಸ್ಕಿಗೆ ಗಾಳ ಹಾಕಬೇಡಿ. ಇದರಲ್ಲಿ ನನಗೆ ರಾಜಿಯಿಲ್ಲ.

ರಾಡ್ ಎಂಟೂವರೆಯಿಂದ ಒಂಬತ್ತೂವರೆ ಅಡಿ, ಹೆವಿ ಅಥವಾ ಅದಕ್ಕಿಂತ ಗಟ್ಟಿ. ರಾಡಿನ ಮೇಲೆ ಕೂರುವ, ಲೈನ್ ಸುತ್ತಿಕೊಳ್ಳುವ ಬೇಯ್ಟ್‌ಕಾಸ್ಟಿಂಗ್ ರೀಲ್. ನೇಯ್ದ ಲೈನ್, ಅಂದರೆ ಬ್ರೇಡ್, 80ರಿಂದ 100 ಪೌಂಡ್ ತಾಳುವಂಥದ್ದು. ಲೈನ್ ಮತ್ತು ಲೂರ್ ನಡುವೆ ಲೀಡರ್ ಇರಲೇಬೇಕು. ಅದು ಹಲ್ಲಿಗೆ ಹರಿಯದ ಒಂದಡಿ ಉದ್ದದ ತಂತಿ ಅಥವಾ ಫ್ಲೋರೊಕಾರ್ಬನ್ ಎಂಬ ಗಟ್ಟಿ ಪ್ಲಾಸ್ಟಿಕ್ ಎಳೆಯ ದಪ್ಪ ತುಂಡು. ಲೀಡರ್ ಇಲ್ಲದೆ ಎಸೆದರೆ ಮಸ್ಕಿ ಲೈನ್ ಕತ್ತರಿಸಿ ಲೂರನ್ನು ಬಾಯಲ್ಲೇ ಇಟ್ಟುಕೊಂಡು ಹೋಗುತ್ತದೆ. ತೆಳು ಲೈನಿನಲ್ಲಿ ಆಡಿಸಿ ಹಿಡಿಯುವುದೇ ಮಜ ಅಂತ ಕೆಲವರು ಹೇಳುತ್ತಾರೆ. ಆ ಆಟ ಎಷ್ಟು ಹೊತ್ತು ನಡೆಯುತ್ತದೋ ಮೀನು ಅಷ್ಟು ಸಾಯುತ್ತದೆ. ದಪ್ಪ ಲೈನ್ ಹಾಕಿ, ಬೇಗ ಎಳೆದುಕೊಳ್ಳಿ.

ಲೂರ್ ಐದು ಸಾಕು. ಬಕ್‌ಟೇಲ್ ಎರಡು, ಒಂದು ಕಪ್ಪು, ಒಂದು ಹೊಳೆಯುವುದು. ಬಕ್‌ಟೇಲ್‌ನಲ್ಲಿ ಗಿರಗಿರ ತಿರುಗುವ ಲೋಹದ ಎಲೆ ಮುಂದೆ, ಕೂದಲು ಅಥವಾ ಹೊಳೆಯುವ ಎಳೆಯ ಕುಚ್ಚು ಹಿಂದೆ ಇರುತ್ತದೆ. ಎಸೆದು ಸುತ್ತಿಕೊಂಡರೆ ಸಾಕು, ಬೇರೆ ಚಮತ್ಕಾರ ಬೇಡ. ನೀರಿನ ಮೇಲೆ ಸದ್ದು ಮಾಡುತ್ತ ಬರುವ ಟಾಪ್‌ವಾಟರ್ ಒಂದು. ದೊಡ್ಡ ರಬ್ಬರ್ ಮೀನು ಒಂದು. ಆಳಕ್ಕೆ ಹೋಗುವ ಕ್ರ್ಯಾಂಕ್‌ಬೇಯ್ಟ್ ಒಂದು. ಎಲ್ಲ ಕೊಕ್ಕೆಗಳ ಮುಳ್ಳನ್ನೂ ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ. ಮೀನಿನ ಬಾಯಿಂದ ತೆಗೆಯುವುದು ಸುಲಭ, ನಿಮ್ಮ ಬೆರಳಿಂದ ತೆಗೆಯುವುದೂ ಸುಲಭ.

ರೀಲ್ ಹೊಸದಾದರೆ ಮನೆ ಹತ್ತಿರದ ಕೆರೆಯಲ್ಲಿ ಎರಡು ವಾರ ಎಸೆದು ಕೈ ಪಳಗಿಸಿಕೊಳ್ಳಿ. ಹೆಬ್ಬೆರಳು ಸರಿಯಾಗಿ ಇಡದಿದ್ದರೆ ಲೈನ್ ಹಕ್ಕಿ ಗೂಡಿನಂತೆ ಗೋಜಲಾಗುತ್ತದೆ.

ಹಂತ 6: ಎಲ್ಲಿ ಎಸೆಯುವುದು

ಅಷ್ಟು ದೊಡ್ಡ ನೀರು ನೋಡಿದಾಗ ಎಲ್ಲಿಂದ ಶುರು ಮಾಡಲಿ ಅನ್ನಿಸುವುದು ಸಹಜ. ಮನೆಯಲ್ಲೇ ಆಳದ ಗೆರೆಗಳಿರುವ ನಕ್ಷೆ ಹರಡಿಕೊಂಡು ಕೂರಿ. ಉಳಿಯುವ ಜಾಗದಿಂದ ಐದಾರು ಮೈಲಿಯೊಳಗೆ ಹತ್ತು ಜಾಗ ಗುರುತು ಹಾಕಿ. ಹತ್ತೇ ಸಾಕು.

ಮೂರು ಬಗೆಯ ಜಾಗ ಹುಡುಕಿ.

ಮೊದಲನೆಯದು ಕ್ಯಾಬೇಜ್ ಗಿಡ ಇರುವ ಕಡೆ. ನಮ್ಮ ಎಲೆಕೋಸಲ್ಲ, ನೀರೊಳಗೆ ಬೆಳೆಯುವ ಅಗಲ ಎಲೆಯ ಗಿಡವನ್ನು ಗಾಳದವರು ಹಾಗೆ ಕರೆಯುತ್ತಾರೆ. ಆರರಿಂದ ಹನ್ನೆರಡು ಅಡಿ ನೀರಿನಲ್ಲಿ ನೋಡಿ. ಹಸಿರಾಗಿ ನೆಟ್ಟಗೆ ನಿಂತಿದ್ದರೆ ಅಲ್ಲಿ ಮೀನಿರುವ ಸಾಧ್ಯತೆ ಇದೆ. ಕಂದು ಬಣ್ಣಕ್ಕೆ ತಿರುಗಿ ಮಲಗಿದ್ದರೆ ಮುಂದೆ ಹೋಗಿ. ಗಿಡದ ಸಾಲು ಮುಗಿದು ಆಳ ಶುರುವಾಗುವ ಅಂಚು, ಅದರಲ್ಲೂ ಮೂಲೆ ತಿರುಗುವ ಜಾಗ ಮುಖ್ಯ.

ಎರಡನೆಯದು ಕಲ್ಲಿನ ದಿಬ್ಬ. ಮೇಲ್ಭಾಗ ನಾಲ್ಕೆಂಟು ಅಡಿ ನೀರಿನಲ್ಲಿದ್ದು ಪಕ್ಕದಲ್ಲೇ ಇಪ್ಪತ್ತಡಿಗೆ ಇಳಿಯುವಂಥವು. ಸೆಪ್ಟೆಂಬರ್ ಹತ್ತಿರವಾದಷ್ಟೂ ಇವು ಮೇಲು. ಗಾಳಿ ಬಂದು ಬಡಿಯುವ ಬದಿಯಲ್ಲಿ ಎಸೆಯಿರಿ. ನೆಮ್ಮದಿಯಾಗಿದೆ ಅಂತ ಮರೆಯ ಬದಿಗೆ ಹೋಗುವುದು ಹೊಸಬರ ರೂಢಿ, ಮೀನು ಇರುವುದು ಅಲೆ ಹೊಡೆಯುವ ಕಡೆ.

ಮೂರನೆಯದು ನಡು ನೀರು. ಇದನ್ನು ಯಾರೂ ನಂಬುವುದಿಲ್ಲ. ವರ್ಮಿಲಿಯನ್‌ನಲ್ಲಿ ಸಿಸ್ಕೊ ಎಂಬ ಬೆಳ್ಳಿಬಣ್ಣದ ಮೀನು ಇದೆ. ತಣ್ಣೀರು ಹುಡುಕಿಕೊಂಡು ಅದು ಆಳದ ನೀರಿನ ನಡುವೆ ಗುಂಪಾಗಿ ತೇಲುತ್ತದೆ, ದೊಡ್ಡ ಮಸ್ಕಿ ಅದರ ಹಿಂದೆ. ಸೋನಾರ್‌ನಲ್ಲಿ ಮೋಡದಂತೆ ಕಾಣುವುದೇ ಆ ಗುಂಪು. ಅದು ಇಪ್ಪತ್ತೈದು ಅಡಿಯಲ್ಲಿದ್ದರೆ ನಿಮ್ಮ ಲೂರ್ ಅದಕ್ಕಿಂತ ಮೇಲಿರಲಿ. ಮಸ್ಕಿಯ ಕಣ್ಣು ಮೇಲಕ್ಕೆ ನೋಡುವಂತಿದೆ, ಕೆಳಗಿನದಕ್ಕಿಂತ ಮೇಲಿನದನ್ನು ಬೇಗ ಕಾಣುತ್ತದೆ.

ಒಂದು ಜಾಗದಲ್ಲಿ ಮೀನು ಕಂಡರೆ, ಕಚ್ಚದೆ ಬರೀ ಹಿಂದೆ ಬಂದು ತಿರುಗಿದರೂ, ಅಲ್ಲೇ ಗುರುತು ಹಾಕಿಕೊಳ್ಳಿ. ಇಂಥದ್ದಕ್ಕೆ ಫಾಲೋ ಎನ್ನುತ್ತಾರೆ. ಮೇಲೆ ಮೇಲೆ ಎಸೆದು ಅದನ್ನು ಗಾಬರಿಪಡಿಸಬೇಡಿ. ಮೂರು ನಾಲ್ಕು ಗಂಟೆ ಬಿಟ್ಟು, ಇಲ್ಲವೇ ಸೂರ್ಯ ಮುಳುಗುವ ಹೊತ್ತಿಗೆ, ಬೇರೆ ಲೂರ್ ಹಿಡಿದು ಮತ್ತೆ ಬನ್ನಿ. ನನಗೆ ಸಿಕ್ಕ ಒಳ್ಳೆಯ ಮೀನುಗಳಲ್ಲಿ ಹೆಚ್ಚಿನವು ಹೀಗೆ ಎರಡನೇ, ಮೂರನೇ ಭೇಟಿಯಲ್ಲಿ ಕಚ್ಚಿದವು. ಹೊಸ ಜಾಗ ಹುಡುಕುತ್ತ ಓಡುವವರಿಗೆ ಈ ಮೀನು ಸಿಗುವುದಿಲ್ಲ.

ಹಂತ 7: ಎಸೆತ ಮತ್ತು ಎಂಟರ ಅಂಕಿ

ಆಗಸ್ಟ್ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ಆಸುಪಾಸು. ಬೆಳಗ್ಗೆ ಮೊದಲ ಎರಡು ಗಂಟೆ, ಸಂಜೆ ಕೊನೆಯ ಎರಡು ಗಂಟೆ ಎಂದೂ ತಪ್ಪಿಸಬೇಡಿ. ನಡುವೆ ಊಟ ಮಾಡಿ, ಮಲಗಿ. ಇಡೀ ದಿನ ಎಸೆದು ಸಂಜೆ ಹೊತ್ತಿಗೆ ಭುಜ ಸೋತು ಕೂರುವವರನ್ನು ಬಹಳ ನೋಡಿದ್ದೇನೆ. ಮಳೆ ಮೋಡ ಕಟ್ಟಿಕೊಂಡು ಬರುತ್ತಿರುವ ಮಧ್ಯಾಹ್ನ ಮಾತ್ರ ಹೊರಗಿರಿ, ಹವೆ ಬದಲಾಗುವ ಮುಂಚಿನ ಆ ಕೆಲವು ಗಂಟೆ ಮೀನು ಚೆನ್ನಾಗಿ ಕಚ್ಚುತ್ತದೆ. ಗುಡುಗು ಕೇಳಿದ ತಕ್ಷಣ ದಡಕ್ಕೆ. ಕೈಯಲ್ಲಿರುವುದು ಒಂಬತ್ತಡಿ ರಾಡ್ ಎಂದು ಮರೆಯಬೇಡಿ.

ಇಬ್ಬರು ಎಸೆಯುವುದಾದರೆ ಒಬ್ಬರು ದೋಣಿಯ ಮುಂದೆ, ಒಬ್ಬರು ಹಿಂದೆ. ಎಸೆಯುವ ಮೊದಲು ಪ್ರತಿ ಸಲ ಹಿಂದೆ ನೋಡಿ. ಒಬ್ಬರು ಬಕ್‌ಟೇಲ್ ಎಸೆದರೆ ಇನ್ನೊಬ್ಬರು ರಬ್ಬರ್ ಎಸೆಯಿರಿ, ಮೀನಿಗೆ ಯಾವುದು ಇಷ್ಟ ಎಂದು ಬೇಗ ಗೊತ್ತಾಗುತ್ತದೆ.

ಈಗ ಮುಖ್ಯವಾದದ್ದು. ಮಸ್ಕಿ ಲೂರ್ ಹಿಂದೆಯೇ ದೋಣಿಯವರೆಗೆ ಬರುತ್ತದೆ. ಕೊನೆಯ ಗಳಿಗೆಯಲ್ಲಿ ಕಚ್ಚುವುದೂ ಉಂಟು. ಅದಕ್ಕೇ ಪ್ರತಿ ಎಸೆತದ ಕೊನೆಗೆ ಲೂರನ್ನು ನೀರಿನಿಂದ ಎತ್ತದೆ, ರಾಡ್ ತುದಿಯನ್ನು ನೀರಿಗೆ ಇಳಿಸಿ, ದೋಣಿಯ ಪಕ್ಕದಲ್ಲೇ ಎಂಟರ ಅಂಕಿ ಬರೆಯಬೇಕು. ಇಂಗ್ಲಿಷಿನ ಎಂಟು, ಮಲಗಿಸಿದಂತೆ. ಒಂದೂವರೆ ಅಡಿ ಲೈನ್ ಹೊರಗಿರಲಿ. ತಿರುವು ಅಗಲವಾಗಿರಲಿ, ನಾಲ್ಕಡಿ ಉದ್ದದ ಮೀನು ಚಿಕ್ಕ ತಿರುವಿನಲ್ಲಿ ತಿರುಗಲಾರದು. ವೇಗ ಕಡಿಮೆ ಮಾಡಬೇಡಿ, ನಿಲ್ಲಿಸಲೇಬೇಡಿ.

ನನ್ನ ಮೊದಲ ವರ್ಷ ಒಂದು ಮೀನು ಕಾಲ ಬುಡಕ್ಕೆ ಬಂದಾಗ ನಾನು ಬೆರಗಾಗಿ ಕೈ ನಿಲ್ಲಿಸಿಬಿಟ್ಟೆ. ಅದು ಒಂದು ಕ್ಷಣ ನೋಡಿ ಮುಳುಗಿತು. ಮೀನು ಕಾಣಲಿ ಬಿಡಲಿ, ಪ್ರತಿ ಎಸೆತಕ್ಕೂ ಎಂಟು ಬರೆಯಿರಿ. ಆಗ ನಿಜವಾಗಿ ಮೀನು ಬಂದಾಗ ಕೈ ತಾನೇ ತಿರುಗುತ್ತದೆ.

ಕಚ್ಚಿದಾಗ ರಾಡನ್ನು ಮೇಲಕ್ಕೆ ಎತ್ತಬೇಡಿ, ಪಕ್ಕಕ್ಕೆ ಗಟ್ಟಿಯಾಗಿ ಎಳೆಯಿರಿ. ಲೈನ್ ಸಡಿಲ ಬಿಡಬೇಡಿ, ಮುಳ್ಳಿಲ್ಲದ ಕೊಕ್ಕೆ ಸಡಿಲದಲ್ಲೇ ಜಾರುವುದು.

ಹಂತ 8: ಮೀನು ಬಲೆಗೆ ಬಂದ ಮೇಲೆ

ಇಲ್ಲಿಂದ ಮುಂದೆ ಅವಸರ ಬೇಡ, ತಡವೂ ಬೇಡ. ಮನೆಯಲ್ಲೇ ಒಮ್ಮೆ ಯಾರು ಏನು ಮಾಡುತ್ತೀರಿ ಎಂದು ಮಾತಾಡಿಕೊಂಡಿರಿ: ಒಬ್ಬರ ಕೈಗೆ ಬಲೆ, ಇನ್ನೊಬ್ಬರ ಕೈಗೆ ಇಕ್ಕಳ.

1. ತಲೆ ಮೊದಲು ಬರುವಂತೆ ಬಲೆಗೆ ತೆಗೆದುಕೊಳ್ಳಿ. ಬಲೆಯನ್ನು ನೀರಿನಲ್ಲೇ ಇಡಿ. ಮೀನು ನೀರೊಳಗೇ ಉಸಿರಾಡುತ್ತಿರಲಿ. ದೋಣಿಯ ನೆಲಕ್ಕೆ ಹಾಕುವುದು ದೊಡ್ಡ ತಪ್ಪು.

2. ಕೊಕ್ಕೆ ಇಕ್ಕಳಕ್ಕೆ ಸುಲಭವಾಗಿ ಸಿಕ್ಕರೆ ತೆಗೆಯಿರಿ. ಆಳಕ್ಕೆ ಚುಚ್ಚಿದ್ದರೆ, ಬಲೆಗೆ ಸುತ್ತಿಕೊಂಡಿದ್ದರೆ ಯೋಚಿಸಬೇಡಿ, ಕತ್ತರಿಸಿ. ಕೊಕ್ಕೆಗೆ ಒಂದೆರಡು ಡಾಲರ್.

3. ಫೋಟೊ ಬೇಕೆಂದರೆ ಮೊದಲು ಕ್ಯಾಮೆರಾ ಸಿದ್ಧ, ಆಮೇಲೆ ಮೀನು ಮೇಲಕ್ಕೆ. ಕೈ ಒದ್ದೆ ಮಾಡಿಕೊಳ್ಳಿ. ಒಂದು ಕೈಯ ಬೆರಳುಗಳನ್ನು ಕಿವಿರಿನ ಮುಚ್ಚಳದ ಒಳಬದಿಗೆ ಗದ್ದದ ಕಡೆಗೆ ಜಾರಿಸಿ ಹಿಡಿಯಿರಿ, ಕೆಂಪು ಕಿವಿರಿಗೆ ಬೆರಳು ತಾಗಬಾರದು. ಇನ್ನೊಂದು ಕೈ ಹೊಟ್ಟೆಯ ಕೆಳಗೆ. ಮೀನು ಅಡ್ಡಲಾಗಿಯೇ ಇರಲಿ. ತಲೆ ಹಿಡಿದು ತೂಗಹಾಕಿದರೆ ಅದರ ಮೈಭಾರಕ್ಕೆ ಒಳಗೆಲ್ಲ ಪೆಟ್ಟಾಗುತ್ತದೆ. ಹತ್ತು ಎಣಿಸುವಷ್ಟರಲ್ಲಿ ಮತ್ತೆ ನೀರಿಗೆ.

4. ಉದ್ದ ಅಳೆಯುವುದು ತೇಲುವ ಕೋಲಿನಿಂದ, ನೀರಿನಲ್ಲೇ. ತೂಕ ಬೇಡ.

5. ಬಾಲದ ಬುಡ ಹಿಡಿದು ಮೀನನ್ನು ನೆಟ್ಟಗೆ ನಿಲ್ಲಿಸಿ. ಹಿಂದೆ ಮುಂದೆ ಜೋರಾಗಿ ಅಲ್ಲಾಡಿಸಬೇಡಿ. ತನ್ನಷ್ಟಕ್ಕೆ ಕೈ ಒದರಿಕೊಂಡು ಹೋಗುವವರೆಗೆ ಹಿಡಿದಿರಿ. ಐದು ನಿಮಿಷವಾದರೂ ಸರಿ, ಅರ್ಧ ಗಂಟೆಯಾದರೂ ಸರಿ. ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಿ, ಹೊಟ್ಟೆ ಮೇಲಾಗಿ ತೇಲಿ ಬಂದರೆ ಮತ್ತೆ ಹಿಡಿದು ನಿಲ್ಲಿಸಬೇಕು.

ನಿಮ್ಮ ಕೈಗೇ ಕೊಕ್ಕೆ ಚುಚ್ಚಿದರೆ ಮೊದಲು ಲೂರನ್ನು ಮೀನಿನಿಂದ ಬೇರ್ಪಡಿಸಿ, ಅಂದರೆ ಕೊಕ್ಕೆ ಕತ್ತರಿಸಿ. ಆಳವಾಗಿದ್ದರೆ, ಕಣ್ಣಿನ ಹತ್ತಿರವಿದ್ದರೆ ಎಳೆಯಲು ಹೋಗಬೇಡಿ. ಕುಕ್, ವರ್ಜೀನಿಯಾ, ಈಲಿ ಮೂರೂ ಊರುಗಳಲ್ಲಿ ಆಸ್ಪತ್ರೆ ಇದೆ.

ಹಂತ 9: ಗಾಳಿ, ಕಲ್ಲು, ಚಳಿ

ಪಶ್ಚಿಮದ ಗಾಳಿ ಜೋರಾದರೆ ಬಿಗ್ ಬೇ ಒಂದೇ ಗಂಟೆಯಲ್ಲಿ ಬದಲಾಗುತ್ತದೆ. ಹೋಗುವಾಗ ಇರುವ ಗಾಳಿ ನೋಡಿ ಹೊರಡಬೇಡಿ, ಬರುವಾಗ ಎಷ್ಟಿರಬಹುದು ಎಂದು ನೋಡಿ. ದಿಬ್ಬಗಳಿಗೆಲ್ಲ ಗುರುತಿನ ತೇಲುಬುರುಡೆ ಇರುವುದಿಲ್ಲ. ನಕ್ಷೆ ಇಲ್ಲದೆ, ಕತ್ತಲಲ್ಲಿ ವೇಗವಾಗಿ ದೋಣಿ ಓಡಿಸಬೇಡಿ. ಸೆಪ್ಟೆಂಬರಿನ ಬೆಳಗ್ಗೆ ಮಂಜು ಕವಿಯುತ್ತದೆ, ಕರಗುವವರೆಗೆ ಕಾಯಿರಿ.

ಎಲ್ಲರಿಗೂ ಲೈಫ್ ಜಾಕೆಟ್. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳು ದೋಣಿ ಚಲಿಸುವಾಗ ಹಾಕಿಕೊಂಡೇ ಇರಬೇಕು, ಅದು ಕಾನೂನು. ನೀವೂ ಹಾಕಿಕೊಳ್ಳಿ, ನಮ್ಮಲ್ಲಿ ಈಜು ಬಾರದವರು ಜಾಸ್ತಿ. ಆಗಸ್ಟ್ ಎಂದು ಬರೀ ಟೀ ಶರ್ಟಿನಲ್ಲಿ ಹೋಗಬೇಡಿ. ಒಂದು ಸ್ವೆಟರ್, ಮಳೆ ಕೋಟು, ಟೋಪಿ ಬೇಕೇ ಬೇಕು.

ಗಾಳಿ ಬಿಡದ ದಿನಕ್ಕೆ ಬೇರೆ ಯೋಜನೆ ಇಟ್ಟುಕೊಳ್ಳಿ. ಟವರ್ ಪಕ್ಕದ ಸೌಡನ್‌ನಲ್ಲಿ 1962ರವರೆಗೆ ನಡೆದ ಕಬ್ಬಿಣದ ಗಣಿ ಈಗ ರಾಜ್ಯ ಉದ್ಯಾನದ ಭಾಗ. ನೆಲದಡಿಯ ಪ್ರವಾಸ ಆ ವರ್ಷ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿ. ಈಲಿಯಲ್ಲಿ ತೋಳಗಳ ಕೇಂದ್ರ ಇದೆ, ಮಕ್ಕಳಿಗೆ ಇಷ್ಟವಾಗುತ್ತದೆ.

ಹಂತ 10: ಹೊರಡುವ ದಿನ

ಈ ಸರೋವರದಲ್ಲಿ 2015ರಲ್ಲಿ ಸ್ಪೈನಿ ವಾಟರ್‌ಫ್ಲೀ ಎಂಬ ಹೊರಗಿನ ಜೀವಿ ಪತ್ತೆಯಾಯಿತು. ಕಣ್ಣಿಗೆ ಕಾಣುವಷ್ಟೇ ಚಿಕ್ಕದು, ಉದ್ದ ಮುಳ್ಳು ಬಾಲ. ಮರಿ ಮೀನುಗಳ ಆಹಾರ ಕಸಿಯುತ್ತದೆ. ನಿಮ್ಮ ಲೈನ್ ಮೇಲೆ ಹತ್ತಿಯ ಉಂಡೆಯಂತೆ ಅಂಟಿಕೊಂಡು ಬಂದದ್ದು ಇದೇ ಇರಬಹುದು. ಮುಂದಿನ ವಾರ ನೀವು ಹೋಗುವ ಕೆರೆಗೆ ಇದನ್ನು ಒಯ್ಯಬಾರದು.

ದೋಣಿ ಮೇಲೆ ಬಂದ ತಕ್ಷಣ, ದಡದಲ್ಲೇ, ಟ್ರೇಲರ್‌ಗೆ ಸಿಕ್ಕ ಗಿಡಗಳನ್ನೆಲ್ಲ ಕಿತ್ತು ಹಾಕಿ. ದೋಣಿಯ ತಳದ ಬಿರಡೆ ತೆಗೆದು ನೀರು ಪೂರ್ತಿ ಬಸಿಯಿರಿ. ಬಿರಡೆ ತೆಗೆದಿಟ್ಟೇ ರಸ್ತೆಯಲ್ಲಿ ಹೋಗಬೇಕು, ಇದೂ ಕಾನೂನು. ಉಳಿದ ಎರೆಯನ್ನು ನೀರಿಗೆ ಎಸೆಯದೆ ಕಸದ ಬುಟ್ಟಿಗೆ ಹಾಕಿ. ಬಲೆ, ಲೈನ್, ಹಗ್ಗ ಎಲ್ಲ ಮನೆಯಲ್ಲಿ ಐದಾರು ದಿನ ಚೆನ್ನಾಗಿ ಒಣಗಲಿ. ತೆಗೆದ ಬಿರಡೆಯನ್ನು ಕಾರಿನ ಕೀ ಜೊತೆಗೇ ಇಟ್ಟುಕೊಳ್ಳಿ. ಮುಂದಿನ ಸಲ ದೋಣಿ ನೀರಿಗೆ ಇಳಿಸುವ ಮೊದಲು ಹಾಕಲು ಮರೆಯುವುದಿಲ್ಲ.